ಪ್ರೌಢಶಾಲೆಯಲ್ಲಿ ವಿದೇಶಿ ಭಾಷೆ: ಇಂಗ್ಲೆಂಡ್ ಕೈಬಿಟ್ಟದ್ದು, ನಾವು ಕೈಗೆತ್ತಿಕೊಳ್ಳಬೇಕಾದದ್ದು



ಶಾಲಾ ಶಿಕ್ಷಣದ ಒಂದು ಪ್ರಶ್ನೆಯನ್ನು ಪ್ರತಿವರ್ಷ ಸಾವಧಾನವಾಗಿ ಪರಿಶೀಲಿಸಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಈ ವರ್ಷ ಭಾಷೆಯ ಬಗ್ಗೆ ಮಾತಾಡಿ ಎಂದು ಸಂಸ್ಥೆಯವರು ಹೇಳಿದಾಗ, ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಒಂದು ವಿಷಯವನ್ನು ನಾನು ಆರಿಸಿಕೊಂಡೆ. ಪ್ರೌಢಶಾಲೆಯ ವಯಸ್ಸಿನ ಮಕ್ಕಳು ಫ್ರೆಂಚ್, ಜರ್ಮನ್, ಸ್ಪ್ಯಾನಿಶ್, ಜಪಾನಿ ಮುಂತಾದ ಆಧುನಿಕ ವಿದೇಶಿ ಭಾಷೆಗಳನ್ನು ಕಲಿಯುವುದು ಹೇಗೆ, ಕಲಿಯದೆ ಹೋಗುವುದು ಏಕೆ ಎಂಬುದೇ ಆ ವಿಷಯ. ಮಾತೃಭಾಷೆ, ಮಾಧ್ಯಮ, ಹಿಂದಿ, ಇಂಗ್ಲಿಷ್ ಇವುಗಳ ಸುತ್ತ ನಾವು ದಶಕಗಳಿಂದ ವಾದ ಮಾಡುತ್ತಿದ್ದೇವೆ. ಆ ವಾದಗಳು ಬೇಕಾದವೇ. ಆದರೆ ಅವುಗಳಾಚೆಗೂ ಭಾಷೆಗಳಿವೆ; ಅವು ನಮ್ಮ ಮಕ್ಕಳಿಗೂ ಸೇರಿದವು.

ನಾನು ಮುಖ್ಯವಾಗಿ ಮಾತಾಡುವುದು ಇಂಗ್ಲೆಂಡಿನ ಬಗ್ಗೆ. ಕಾರಣ ಸರಳ. ಯಾವ ನಾಡಿನ ಭಾಷೆಯನ್ನು ಕಲಿಯಲು ನಾವು ಬಾಲ್ಯದ ಬಹುಪಾಲನ್ನು ವ್ಯಯಿಸುತ್ತೇವೋ, ಆ ನಾಡು ಬೇರೆಯವರ ಭಾಷೆಗಳನ್ನು ತನ್ನ ಮಕ್ಕಳಿಗೆ ಹೇಗೆ ಕಲಿಸುತ್ತದೆ ಎಂದು ನಾವು ಕೇಳಿದ್ದೇ ಕಡಿಮೆ. ಜೊತೆಗೆ, ಕಳೆದ ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ನಡೆದದ್ದು ಯಾವುದೇ ದೇಶದ ಶಿಕ್ಷಣ ಇಲಾಖೆ ಕುಳಿತು ಓದಬೇಕಾದ ಕಥೆ. ಮೊದಲು 2004ರ ಒಂದು ತೀರ್ಮಾನವನ್ನೂ ಅದರ ಫಲವನ್ನೂ ಹೇಳುತ್ತೇನೆ. ಆಮೇಲೆ ತರಗತಿಯ ಒಳಗೆ ಹೋಗಿ ನೋಡೋಣ. ಅಲ್ಲಿಂದ ಪರೀಕ್ಷೆ, ಶಿಕ್ಷಕರು, ಮನೆಭಾಷೆಗಳ ಕಡೆ ಹೊರಳಿ, ಕೊನೆಯಲ್ಲಿ ಕರ್ನಾಟಕಕ್ಕೆ ಬರುತ್ತೇನೆ.

ಇಂಗ್ಲೆಂಡಿನ ಮಕ್ಕಳು 11ನೇ ವಯಸ್ಸಿಗೆ ಪ್ರೌಢಶಾಲೆ ಸೇರಿ 16ನೇ ವಯಸ್ಸಿಗೆ ಜಿ.ಸಿ.ಎಸ್.ಇ. ಪರೀಕ್ಷೆ ಬರೆಯುತ್ತಾರೆ. ನಮ್ಮ ಎಸ್.ಎಸ್.ಎಲ್.ಸಿ. ಇದ್ದ ಹಾಗೆ. ಎರಡನೇ ಮಹಾಯುದ್ಧದ ನಂತರದ ವ್ಯವಸ್ಥೆಯಲ್ಲಿ 11ನೇ ವಯಸ್ಸಿಗೇ ಒಂದು ಪರೀಕ್ಷೆ ಇಟ್ಟು ಮಕ್ಕಳನ್ನು ಬೇರ್ಪಡಿಸುತ್ತಿದ್ದರು. ಆಯ್ಕೆಯಾದ ಕೆಲವರು ಗ್ರಾಮರ್ ಶಾಲೆಗೆ, ಮಿಕ್ಕ ಬಹುಸಂಖ್ಯಾತರು ಸೆಕೆಂಡರಿ ಮಾಡರ್ನ್ ಶಾಲೆಗೆ ಹೋಗುತ್ತಿದ್ದರು. ಫ್ರೆಂಚ್ ಕಲಿಕೆ ಬಹುಮಟ್ಟಿಗೆ ಗ್ರಾಮರ್ ಶಾಲೆಯ ಮಕ್ಕಳ ಪಾಲಾಗಿತ್ತು. 1965ರ ನಂತರ ಎಲ್ಲ ಮಕ್ಕಳೂ ಒಟ್ಟಿಗೆ ಓದುವ ಕಾಂಪ್ರೆಹೆನ್ಸಿವ್ ಶಾಲೆಗಳು ಹೆಚ್ಚಾದ ಮೇಲೆ ಗಣಿ ಕಾರ್ಮಿಕನ ಮಗಳ ಕೈಗೂ ಫ್ರೆಂಚ್ ಪುಸ್ತಕ ಬಂತು. 1988ರ ಶಿಕ್ಷಣ ಸುಧಾರಣಾ ಕಾಯ್ದೆ ರೂಪಿಸಿದ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಆಧುನಿಕ ವಿದೇಶಿ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿತು. 1990ರ ದಶಕದ ಉತ್ತರಾರ್ಧದ ಹೊತ್ತಿಗೆ 16ನೇ ವಯಸ್ಸಿನವರೆಗೂ ಒಂದು ವಿದೇಶಿ ಭಾಷೆ ಕಡ್ಡಾಯವಾಗಿತ್ತು. ಹತ್ತಿರಹತ್ತಿರ ಮುಕ್ಕಾಲು ಪಾಲು ಮಕ್ಕಳು ಭಾಷೆಯ ಪರೀಕ್ಷೆಗೆ ಕೂರುತ್ತಿದ್ದರು. ಆ ನಾಡಿನ ಇತಿಹಾಸದಲ್ಲಿ ಹಿಂದೆಂದೂ ಇಷ್ಟು ಬಗೆಯ ಮನೆಗಳ ಮಕ್ಕಳು ಪರಭಾಷೆ ಓದಿರಲಿಲ್ಲ.

ಹೊಸ ಶತಮಾನ ತೆರೆದುಕೊಂಡಾಗ ಎಚ್ಚರಿಕೆಯ ದನಿಯೊಂದು ಕೇಳಿಬಂತು. ನಫೀಲ್ಡ್ ಪ್ರತಿಷ್ಠಾನ ನೇಮಿಸಿದ್ದ ಭಾಷಾ ವಿಚಾರಣಾ ಸಮಿತಿ 2000ದಲ್ಲಿ ವರದಿ ಕೊಟ್ಟು, ಇಂಗ್ಲಿಷ್ ಒಂದನ್ನೇ ನೆಚ್ಚಿ ಕುಳಿತರೆ ದೇಶಕ್ಕೆ ಸಾಲದು ಎಂದು ಸ್ಪಷ್ಟವಾಗಿ ಹೇಳಿತು. ಸರ್ಕಾರ 2002ರ ಕೊನೆಗೆ ಒಂದು ರಾಷ್ಟ್ರೀಯ ಭಾಷಾ ಕಾರ್ಯನೀತಿಯನ್ನು ಪ್ರಕಟಿಸಿತು. ಅದರಲ್ಲಿ, ದಶಕ ಮುಗಿಯುವುದರೊಳಗೆ ಪ್ರಾಥಮಿಕ ಶಾಲೆಯಲ್ಲೇ ವಿದೇಶಿ ಭಾಷೆ ಕಲಿಯುವ ಅವಕಾಶ ಪ್ರತಿ ಮಗುವಿಗೂ ಸಿಗಬೇಕು ಎಂಬ ಗುರಿ ಇತ್ತು. ಅದೇ ಹೊತ್ತಿಗೆ, 14ನೇ ವಯಸ್ಸಿನ ನಂತರ ಭಾಷೆ ಕಡ್ಡಾಯವಲ್ಲ, ಐಚ್ಛಿಕ ಎಂಬ ತೀರ್ಮಾನವೂ ಹೊರಬಿತ್ತು. ಬುಡಕ್ಕೆ ನೀರೆರೆಯುತ್ತೇವೆ ಎಂದು ಹೇಳುತ್ತ ತುದಿಯನ್ನು ಕತ್ತರಿಸಿದ ಹಾಗಾಯಿತು. 2004ರ ಸೆಪ್ಟೆಂಬರ್‌ನಿಂದ ಅದು ಜಾರಿಗೆ ಬಂತು.

ಆ ತೀರ್ಮಾನ ತೆಗೆದುಕೊಂಡವರಿಗೂ ತಮ್ಮದೇ ಕಾರಣಗಳಿದ್ದವು, ಅವನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ತರಗತಿಯಲ್ಲಿ ಆಸಕ್ತಿಯಿಲ್ಲದೆ ಕೂರುವ, ಶಾಲೆಗೇ ಚಕ್ಕರ್ ಹೊಡೆಯುವ ಮಕ್ಕಳ ಚಿಂತೆ ಇತ್ತು. 14ರ ನಂತರ ಮಕ್ಕಳು ವೃತ್ತಿಪರ ವಿಷಯಗಳ ಕಡೆಗೆ ಹೋಗಲು ವೇಳಾಪಟ್ಟಿಯಲ್ಲಿ ಜಾಗ ಬೇಕಾಗಿತ್ತು. ಮನಸ್ಸಿಲ್ಲದವರಿಗೆ ಬಲವಂತವಾಗಿ ಕಲಿಸಿದರೆ ಭಾಷೆಯ ಮೇಲೇ ದ್ವೇಷ ಹುಟ್ಟುತ್ತದೆ ಎಂಬ ವಾದವೂ ಇತ್ತು. ಇವು ಯಾವ ಶಿಕ್ಷಕರಿಗೂ ಅಪರಿಚಿತ ಮಾತುಗಳಲ್ಲ.

ಫಲ ಏನಾಯಿತು? 2002ರಲ್ಲಿ ನೂರಕ್ಕೆ ಸುಮಾರು 76 ಮಕ್ಕಳು ಒಂದು ಭಾಷೆಯಲ್ಲಾದರೂ ಜಿ.ಸಿ.ಎಸ್.ಇ. ಬರೆಯುತ್ತಿದ್ದರು. 2011ರ ಹೊತ್ತಿಗೆ ಆ ಪ್ರಮಾಣ ನೂರಕ್ಕೆ 40ರ ಆಸುಪಾಸಿಗೆ ಇಳಿಯಿತು. ಜರ್ಮನ್ ಭಾಷೆಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಶತಮಾನದ ಆರಂಭದಲ್ಲಿ ವರ್ಷಕ್ಕೆ 1.3 ಲಕ್ಷದಷ್ಟು ಮಕ್ಕಳು ಬರೆಯುತ್ತಿದ್ದ ಪರೀಕ್ಷೆಗೆ ಇತ್ತೀಚೆಗೆ 35 ಸಾವಿರದ ಆಸುಪಾಸಿನಲ್ಲಿ ಮಾತ್ರ ಕೂರುತ್ತಿದ್ದಾರೆ. ಪೆಟ್ಟು ಮೇಲಿನ ತರಗತಿಗಳಿಗೂ ತಗುಲಿತು. 1990ರ ದಶಕದ ಆರಂಭದಲ್ಲಿ ಸುಮಾರು 30 ಸಾವಿರ ವಿದ್ಯಾರ್ಥಿಗಳು ಫ್ರೆಂಚ್‌ನಲ್ಲಿ ನಮ್ಮ ಪಿ.ಯು.ಸಿ. ಹಂತದ ಎ-ಲೆವೆಲ್ ಪರೀಕ್ಷೆ ಬರೆಯುತ್ತಿದ್ದರು. ಈಗ 8 ಸಾವಿರವೂ ಇಲ್ಲ. ಜರ್ಮನ್‌ನಲ್ಲಿ 3 ಸಾವಿರಕ್ಕಿಂತ ಕಡಿಮೆ. ವಿದ್ಯಾರ್ಥಿಗಳಿಲ್ಲದ ಮೇಲೆ ವಿಶ್ವವಿದ್ಯಾಲಯಗಳು ಭಾಷಾ ವಿಭಾಗಗಳನ್ನು ಒಂದೊಂದಾಗಿ ಮುಚ್ಚತೊಡಗಿದವು. ವಿಭಾಗಗಳು ಮುಚ್ಚಿದ ಮೇಲೆ ನಾಳಿನ ಶಾಲಾ ಶಿಕ್ಷಕರು ಎಲ್ಲಿಂದ ಬರಬೇಕು?

ಸಂಖ್ಯೆಗಳ ಹಿಂದೆ ಯಾರಿದ್ದಾರೆ ಎಂಬುದು ಈ ಉಪನ್ಯಾಸದ ತಿರುಳು. ಇಂಗ್ಲೆಂಡಿನ ಖಾಸಗಿ ಶಾಲೆಗಳಲ್ಲಿ ಭಾಷೆ ಅಷ್ಟಾಗಿ ಕುಸಿಯಲಿಲ್ಲ. ಶುಲ್ಕ ಕಟ್ಟುವ ತಂದೆತಾಯಿಗಳಿಗೆ ಅದರ ಬೆಲೆ ಗೊತ್ತಿತ್ತು, ಶಾಲೆಗಳು ಅದನ್ನು ಬಿಡಲಿಲ್ಲ. ಸರ್ಕಾರಿ ಶಾಲೆಗಳ ಪೈಕಿಯೂ ಅನುಕೂಲಸ್ಥರ ಬಡಾವಣೆಗಳಲ್ಲಿ ಭಾಷೆ ಉಳಿಯಿತು. ಕುಸಿದದ್ದು ಬಡ ಬಡಾವಣೆಗಳಲ್ಲಿ, ಹಳೆಯ ಕೈಗಾರಿಕಾ ಪಟ್ಟಣಗಳಲ್ಲಿ, ಹುಡುಗಿಯರಿಗಿಂತ ಹೆಚ್ಚಾಗಿ ಹುಡುಗರಲ್ಲಿ. ಬ್ರಿಟಿಷ್ ಕೌನ್ಸಿಲ್ ವರ್ಷವರ್ಷವೂ ಪ್ರಕಟಿಸುವ ಭಾಷಾ ಸಮೀಕ್ಷೆಗಳು ಈ ಅಂತರವನ್ನು ಮತ್ತೆಮತ್ತೆ ದಾಖಲಿಸಿವೆ. ‘ಐಚ್ಛಿಕ’ ಎಂದಾಗ ಇಚ್ಛೆ ಮಗುವಿನದು ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ 14 ವರ್ಷದ ಹುಡುಗನ ಮುಂದಿರುವುದು ಶಾಲೆ ಸಿದ್ಧಪಡಿಸಿದ ಒಂದು ಪಟ್ಟಿ. ಫ್ರೆಂಚ್ ಎದುರಿನ ಅಂಕಣದಲ್ಲೇ ಕಂಪ್ಯೂಟರ್ ಇಟ್ಟರೆ ಆಯ್ಕೆ ಅಲ್ಲಿಗೇ ಮುಗಿಯಿತು. ಶಾಲೆಗಳ ಫಲಿತಾಂಶದ ಶ್ರೇಯಾಂಕ ಪಟ್ಟಿ ಪ್ರಕಟವಾಗುವ ದೇಶದಲ್ಲಿ, ಅಂಕ ಕಡಿಮೆ ಬರುವ ವಿಷಯದಿಂದ ದುರ್ಬಲ ಮಕ್ಕಳನ್ನು ದೂರ ಇಡುವ ಒತ್ತಡ ಮುಖ್ಯೋಪಾಧ್ಯಾಯರ ಮೇಲೂ ಇರುತ್ತದೆ. ಮನೆಯಲ್ಲಿ ಯಾರಾದರೂ ‘ಅದನ್ನು ಬಿಡಬೇಡ’ ಎಂದು ಹೇಳುವವರಿದ್ದ ಮಗು ಭಾಷೆಯನ್ನು ಉಳಿಸಿಕೊಂಡಿತು. ಹೇಳುವವರಿಲ್ಲದ ಮಗು ಕಳೆದುಕೊಂಡಿತು. ಅರ್ಧ ಶತಮಾನ ಹೋರಾಡಿ ಎಲ್ಲರದಾಗಿಸಿದ್ದ ಕಲಿಕೆ ಹೀಗೆ ಮತ್ತೆ ಕೆಲವರದಾಯಿತು.

ಸರಿಪಡಿಸುವ ಯತ್ನಗಳೂ ನಡೆದವು. 2010ರಲ್ಲಿ ಮೈಕೆಲ್ ಗೋವ್ ಶಿಕ್ಷಣ ಸಚಿವರಾಗಿದ್ದಾಗ ಇಂಗ್ಲಿಷ್ ಬ್ಯಾಕಲಾರಿಯೇಟ್ ಎಂಬ ಅಳತೆಗೋಲು ಬಂತು. ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ ಇಲ್ಲವೇ ಭೂಗೋಳ, ಜೊತೆಗೊಂದು ಭಾಷೆ ಇಷ್ಟನ್ನೂ ಎಷ್ಟು ಮಕ್ಕಳು ಓದುತ್ತಾರೆ ಎಂಬುದರ ಮೇಲೆ ಶಾಲೆಯನ್ನು ಅಳೆಯುವ ಕ್ರಮ ಅದು. ಭಾಷೆಯ ಪ್ರಮಾಣ ಸ್ವಲ್ಪ ಮೇಲೆದ್ದು, ಅರ್ಧದ ಗಡಿಯ ಕೆಳಗೇ ನಿಂತುಬಿಟ್ಟಿತು. 2025ರ ಹೊತ್ತಿಗೆ ನೂರಕ್ಕೆ 90 ಮಕ್ಕಳು ಈ ವಿಷಯಗಳ ಗುಚ್ಛವನ್ನು ಓದುವಂತಾಗಬೇಕು ಎಂಬ ಗುರಿ ಈಡೇರಲಿಲ್ಲ. ಈಡೇರದಿದ್ದುದಕ್ಕೆ ಮುಖ್ಯ ಕಾರಣ ಆ ಗುಚ್ಛದಲ್ಲಿದ್ದ ಭಾಷೆಯೇ. 2025ರ ನವೆಂಬರ್‌ನಲ್ಲಿ ಬಂದ ಪಠ್ಯಕ್ರಮ ಪರಿಶೀಲನಾ ವರದಿ ಆ ಅಳತೆಗೋಲನ್ನೇ ಕೈಬಿಡಲು ಸೂಚಿಸಿತು. ಒಂದು ಸಹಿಯಿಂದ ತೆಗೆದುಹಾಕಿದ್ದನ್ನು ಹದಿನೈದು ವರ್ಷಗಳ ಅಳತೆಗೋಲಿನಿಂದ ಮರಳಿ ತರಲಾಗಲಿಲ್ಲ.

ಇನ್ನು ತರಗತಿಯ ಒಳಗೆ ಹೋಗೋಣ. ಕಡ್ಡಾಯವಾಗಿದ್ದ ಕಾಲವೇನೂ ಸುವರ್ಣಯುಗವಾಗಿರಲಿಲ್ಲ. ಐದು ವರ್ಷ ಫ್ರೆಂಚ್ ಓದಿದವರು ಪ್ಯಾರಿಸಿನಲ್ಲಿ ಊಟಕ್ಕೆ ಏನು ಬೇಕೆಂದು ಕೇಳಿಕೊಳ್ಳಲೂ ತಡವರಿಸುತ್ತಿದ್ದರು ಎಂಬ ದೂರು ಅಲ್ಲಿ ಹಳೆಯದು. ಇದಕ್ಕೆ ಮಕ್ಕಳ ದಡ್ಡತನ ಕಾರಣವಲ್ಲ, ಲೆಕ್ಕವೇ ಹೇಳುತ್ತದೆ. ವಾರಕ್ಕೆ ಎರಡು ಗಂಟೆ, ವರ್ಷಕ್ಕೆ 38 ವಾರ, ಐದು ವರ್ಷ ಎಂದರೆ ಒಟ್ಟು 380 ಗಂಟೆ. ಅದರಲ್ಲೂ ಹಾಜರಿ ಕೂಗುವುದು, ಪುಸ್ತಕ ಹಂಚುವುದು, ಗದ್ದಲ ಅಡಗಿಸುವುದು ಕಳೆಯಬೇಕು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್, ಇಂಗ್ಲಿಷ್ ಮಾತಾಡುವ ವಯಸ್ಕರು ಫ್ರೆಂಚ್ ಅಥವಾ ಸ್ಪ್ಯಾನಿಶ್‌ನಲ್ಲಿ ಕೆಲಸ ಮಾಡುವ ಮಟ್ಟಕ್ಕೆ ಬರಲು 600ರಿಂದ 750 ತರಗತಿ ಗಂಟೆ ಬೇಕು ಎಂದು ಅಂದಾಜು ಮಾಡಿದೆ. ಜಪಾನಿ, ಚೀನಿ, ಅರಬ್ಬಿ ಭಾಷೆಗಳಿಗೆ 2,200 ಗಂಟೆ. ಅವರು ಆಯ್ದು ತಂದ, ಸಂಬಳ ಪಡೆಯುವ, ಇಡೀ ದಿನ ಅದನ್ನೇ ಕಲಿಯುವ ದೊಡ್ಡವರು. ಅದರ ಅರ್ಧದಷ್ಟು ಹೊತ್ತನ್ನು ಐದು ವರ್ಷಕ್ಕೆ ಚದುರಿಸಿ ಹದಿಹರೆಯದ ಮಕ್ಕಳಿಗೆ ಕೊಟ್ಟು, ಏನೂ ಬರಲಿಲ್ಲವೆಂದರೆ ತಪ್ಪು ಯಾರದು? 2016ರಲ್ಲಿ ಇಯಾನ್ ಬೌಕಮ್ ನೇತೃತ್ವದ ಬೋಧನಾ ಪರಿಶೀಲನಾ ಸಮಿತಿ ವಾರಕ್ಕೆ ಎರಡರಿಂದ ಮೂರು ಗಂಟೆ ಬೇಕೆಂದು ಶಿಫಾರಸು ಮಾಡಿತು. ಬಹಳಷ್ಟು ಶಾಲೆಗಳು ಮೂರು ಗಂಟೆ ಕೊಡಲೇ ಇಲ್ಲ.

ಸಮಯ ಕಡಿಮೆ ಇರುವಾಗ ಏನನ್ನು ಕಲಿಸುತ್ತೇವೆ ಎಂಬುದು ಇನ್ನೂ ಮುಖ್ಯವಾಗುತ್ತದೆ. ಬಹಳ ವರ್ಷ ಅಲ್ಲಿನ ಪಾಠಪುಸ್ತಕಗಳು ವಿಷಯವಾರು ಘಟಕಗಳಾಗಿದ್ದವು. ನನ್ನ ಕುಟುಂಬ, ನನ್ನ ಶಾಲೆ, ರಜೆ, ಪರಿಸರ. ಮೊದಲ ತಿಂಗಳು ಮಕ್ಕಳು ಪೆನ್ಸಿಲ್ ಪೌಚಿನೊಳಗಿನ ಒಂದೊಂದು ವಸ್ತುವಿನ ಹೆಸರನ್ನೂ ಕಲಿಯುತ್ತಿದ್ದರು. ರಬ್ಬರು, ಅಳತೆಪಟ್ಟಿ, ಮೆಂಡರ್ ಎಲ್ಲ ಗೊತ್ತು. ‘ಬೇಕು’, ‘ಆಗುತ್ತದೆ’, ‘ಏಕೆಂದರೆ’, ‘ಆದರೂ’ ಮುಂತಾದ, ಎಲ್ಲ ಮಾತಿನಲ್ಲೂ ಬೇಕಾಗುವ ಪದಗಳು ಗೊತ್ತಿಲ್ಲ. ಹೀಗಾಗಿ ಮಗು ಸ್ವಂತ ವಾಕ್ಯ ಕಟ್ಟಲಾರದು. ಪರೀಕ್ಷೆಗೆ ಬೇಕಾದ ಹತ್ತಾರು ವಾಕ್ಯಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿತ್ತು, ತಿಂಗಳೊಳಗೆ ಮರೆಯುತ್ತಿತ್ತು. ಸ್ವಾನ್ಸೀ ವಿಶ್ವವಿದ್ಯಾಲಯದ ಜೇಮ್ಸ್ ಮಿಲ್ಟನ್ ಅವರ ಅಧ್ಯಯನಗಳು, ಐದು ವರ್ಷ ಕಲಿತ ಮಗುವಿನ ಫ್ರೆಂಚ್ ಶಬ್ದಸಂಪತ್ತು ಸರಾಸರಿಯಲ್ಲಿ ಸಾವಿರ ಪದಗಳಿಗೂ ಮುಟ್ಟುತ್ತಿರಲಿಲ್ಲ ಎಂದು ತೋರಿಸಿದವು.

ಇಲ್ಲಿ ಇನ್ನೊಂದು ಮಾತನ್ನು ಸ್ವಲ್ಪ ನಿಂತು ಹೇಳಬೇಕು. 14 ವರ್ಷದ ಮಗು ಎಂದರೆ ಯಾರು? ನ್ಯಾಯ, ಅನ್ಯಾಯ, ಗೆಳೆತನ, ಸಾವು, ದೇವರು ಎಲ್ಲದರ ಬಗ್ಗೆಯೂ ತೀವ್ರವಾಗಿ ಯೋಚಿಸುವ ಜೀವ. ಅದರ ಸ್ವಂತ ಭಾಷೆಯ ತರಗತಿಯಲ್ಲಿ ಶೇಕ್ಸ್‌ಪಿಯರನ ನಾಟಕ ನಡೆಯುತ್ತಿರುತ್ತದೆ. ಮುಂದಿನ ಪೀರಿಯಡ್‌ನಲ್ಲಿ ಅದೇ ಮಗು ‘ನನ್ನ ನಾಯಿಯ ಬಣ್ಣ ಕಂದು’ ಎಂದು ಫ್ರೆಂಚ್‌ನಲ್ಲಿ ಹೇಳಬೇಕು. ಮನಸ್ಸಿನ ಎತ್ತರಕ್ಕೂ ನಾಲಗೆಯ ಅಳವಿಗೂ ನಡುವೆ ಇರುವ ಈ ಕಂದರವೇ ಪ್ರೌಢಶಾಲೆಯ ಭಾಷಾ ಶಿಕ್ಷಕರ ನಿಜವಾದ ಸವಾಲು. ಚಿಕ್ಕ ಮಕ್ಕಳಿಗೆ ಇದು ಅಡ್ಡಿಯಾಗುವುದಿಲ್ಲ, ಆಡುತ್ತ ಹಾಡುತ್ತ ಕಲಿಯುತ್ತಾರೆ. ದೊಡ್ಡವರು ಸಹಿಸಿಕೊಳ್ಳುತ್ತಾರೆ. ಹದಿಹರೆಯದವರಿಗೆ ಗೆಳೆಯರೆದುರು ತಪ್ಪು ಮಾತಾಡುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಒಳ್ಳೆಯ ಶಿಕ್ಷಕರು ಸರಳ ಭಾಷೆಯಲ್ಲೇ ದೊಡ್ಡ ವಿಷಯ ತರುತ್ತಾರೆ. ಒಂದು ಚಿಕ್ಕ ಕವಿತೆ, ಒಂದು ಫೋಟೋ, ನಿಜವಾಗಿ ನಡೆದ ಒಂದು ಘಟನೆ. ಇದನ್ನು ಯಾವ ಸುತ್ತೋಲೆಯೂ ಕಲಿಸಲಾರದು.

ಬೌಕಮ್ ಸಮಿತಿ ಉಚ್ಚಾರಣೆ, ಶಬ್ದಸಂಪತ್ತು, ವ್ಯಾಕರಣ ಇವು ಮೂರನ್ನೂ ಕ್ರಮಬದ್ಧವಾಗಿ ಕಲಿಸಬೇಕೆಂದು ಹೇಳಿತು. ಉಚ್ಚಾರಣೆಯ ಮಾತು ಫ್ರೆಂಚ್ ಕಲಿತವರಿಗೆ ತಕ್ಷಣ ಅರ್ಥವಾಗುತ್ತದೆ. ಬರೆದದ್ದನ್ನೆಲ್ಲ ಓದುವ ಕನ್ನಡದ ಅಭ್ಯಾಸ ಅಲ್ಲಿ ನಡೆಯದು. ‘ನಾನು ಮಾತಾಡುತ್ತೇನೆ’, ‘ನೀನು ಮಾತಾಡುತ್ತೀಯ’, ‘ಅವರು ಮಾತಾಡುತ್ತಾರೆ’ ಎಂಬ ಮೂರು ರೂಪಗಳಿಗೆ ಬರವಣಿಗೆಯಲ್ಲಿ ಮೂರು ಬೇರೆ ಕೊನೆಗಳಿವೆ, ಕಿವಿಗೆ ಮೂರೂ ಒಂದೇ. ಈ ನಿಯಮಗಳನ್ನು ಬಿಡಿಸಿ ಹೇಳದೆ ಓದಿಸಿದರೆ ಮಗು ಪುಟವನ್ನು ನೋಡಿಯೇ ಹೆದರುತ್ತದೆ. ಫ್ರೆಂಚ್, ಜರ್ಮನ್, ಸ್ಪ್ಯಾನಿಶ್ ಭಾಷೆಗಳಿಗೆ ರೂಪಿಸಿದ ಹೊಸ ಜಿ.ಸಿ.ಎಸ್.ಇ. ಪಠ್ಯಕ್ರಮದ ಬೋಧನೆ 2024ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಮೊದಲ ಪರೀಕ್ಷೆಗೆ ಗೊತ್ತಾದ ವರ್ಷ 2026. ಅದರಲ್ಲಿ ಸಾಮಾನ್ಯ ಹಂತಕ್ಕೆ 1,200, ಉನ್ನತ ಹಂತಕ್ಕೆ 1,700 ಪದಗಳ ಪಟ್ಟಿ ನಿಗದಿಯಾಗಿದೆ. ಪಟ್ಟಿಯ ಬಹುಪಾಲು ಪದಗಳು ಆ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ 2,000 ಪದಗಳ ಒಳಗಿನವು. ಗಟ್ಟಿಯಾಗಿ ಓದುವುದು, ಉಕ್ತಲೇಖನ ಎರಡೂ ಪರೀಕ್ಷೆಗೆ ಬಂದಿವೆ. ಪದಗಳನ್ನು ಎಣಿಸಿ ಕೊಟ್ಟರೆ ಸಂಸ್ಕೃತಿಯ ಸೊಗಸು ಹೊರಗುಳಿಯುತ್ತದೆ ಎಂದು ಅಲ್ಲಿನ ಅನೇಕ ಶಿಕ್ಷಕರು ಆಕ್ಷೇಪಿಸಿದ್ದಾರೆ. ಆ ಆತಂಕದಲ್ಲಿ ಹುರುಳಿದೆ. ಆದರೂ ನನ್ನ ಒಲವು ಹೊಸ ಕ್ರಮದ ಕಡೆಗೇ. ಮನೆಯಲ್ಲಿ ಕೊಂಡ ಪುಸ್ತಕವಿಲ್ಲದ, ಟ್ಯೂಷನ್ ಇಲ್ಲದ ಮಗುವಿಗೆ ‘ಇಷ್ಟು ಕಲಿ, ಇಷ್ಟರಿಂದ ಮಾತು ಕಟ್ಟಬಹುದು’ ಎಂದು ತೋರಿಸುವುದು ದೊಡ್ಡ ಉಪಕಾರ. ಉಕ್ತಲೇಖನದ ಬೆಲೆಯನ್ನಂತೂ ಕನ್ನಡ ಮೇಷ್ಟ್ರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೇಗ ಶುರು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನೂ ಇಂಗ್ಲೆಂಡ್ ಎರಡು ಸಲ ಪರೀಕ್ಷಿಸಿದೆ. 1963ರಲ್ಲಿ 8 ವರ್ಷದ ಮಕ್ಕಳಿಗೆ ಫ್ರೆಂಚ್ ಕಲಿಸುವ ಪ್ರಯೋಗ ಆರಂಭವಾಯಿತು. 1974ರಲ್ಲಿ ಕ್ಲೇರ್ ಬರ್ಸ್‌ಟಾಲ್ ಅದನ್ನು ಮೌಲ್ಯಮಾಪನ ಮಾಡಿ, ಬೇಗ ಕಲಿತವರಿಗೆ ನಿರೀಕ್ಷಿಸಿದ ಮೇಲುಗೈ ಸಿಗಲಿಲ್ಲ ಎಂದು ವರದಿ ಬರೆದರು. 2014ರಿಂದ 7ರಿಂದ 11 ವರ್ಷದ ಮಕ್ಕಳಿಗೆ ಒಂದು ಭಾಷೆ ಕಡ್ಡಾಯವಾಗಿದೆ. ಆದರೆ ಪ್ರಾಥಮಿಕದಲ್ಲಿ ಸ್ಪ್ಯಾನಿಶ್ ಕಲಿತ ಮಗು ಪ್ರೌಢಶಾಲೆಗೆ ಬಂದು ಫ್ರೆಂಚ್ ಅನ್ನು ಮೊದಲಿನಿಂದ ಶುರು ಮಾಡುವುದು ಈಗಲೂ ಸಾಮಾನ್ಯ. ಫ್ರೆಂಚ್ ಕಲಿತು ಬಂದ ಮಗುವನ್ನೂ ಏನೂ ಕಲಿಯದವರ ಜೊತೆ ಕೂರಿಸಿ ಒಂದರಿಂದ ಹತ್ತು ಎಣಿಸಲು ಹೇಳುತ್ತಾರೆ. ಕಲಿಕೆ ಯಾವ ವಯಸ್ಸಿಗೆ ಶುರುವಾಯಿತು ಎನ್ನುವುದಕ್ಕಿಂತ ಎಲ್ಲಿಯೂ ಕಡಿಯದೆ ಸಾಗಿತೇ ಎನ್ನುವುದು ಮುಖ್ಯ.

ಪರೀಕ್ಷೆ ಮತ್ತು ಶಿಕ್ಷಕರ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ. ಬೇರೆ ವಿಷಯಗಳಲ್ಲಿ ಒಳ್ಳೆಯ ದರ್ಜೆ ಪಡೆಯುವ ಮಗುವಿಗೆ ಭಾಷೆಯಲ್ಲಿ ಒಂದು ಮೆಟ್ಟಿಲು ಕೆಳಗಿನ ದರ್ಜೆ ಸಿಗುತ್ತದೆ ಎಂಬ ದೂರು ಬಹಳ ವರ್ಷ ಇತ್ತು. ಪರೀಕ್ಷಾ ನಿಯಂತ್ರಣ ಸಂಸ್ಥೆಯಾದ ಆಫ್‌ಕ್ವಾಲ್ 2019ರಲ್ಲಿ ಅದನ್ನು ಒಪ್ಪಿಕೊಂಡು ಫ್ರೆಂಚ್ ಮತ್ತು ಜರ್ಮನ್‌ಗಳ ದರ್ಜೆಯನ್ನು ಸರಿಹೊಂದಿಸಲು ನಿರ್ಧರಿಸಿತು. ಅಷ್ಟರಲ್ಲಿ ಒಂದು ಪೀಳಿಗೆ ದಾಟಿಹೋಗಿತ್ತು. ಶಿಕ್ಷಕರ ತರಬೇತಿಗೆ ಸೇರುವವರ ಸಂಖ್ಯೆ ವರ್ಷಗಟ್ಟಲೆ ಗುರಿ ಮುಟ್ಟಿಲ್ಲ. ಫ್ರಾನ್ಸ್, ಸ್ಪೇನ್, ಜರ್ಮನಿಗಳಿಂದ ಬಂದು ಕಲಿಸುತ್ತಿದ್ದವರು ಅನೇಕ ಶಾಲೆಗಳ ಆಧಾರವಾಗಿದ್ದರು. ಐರೋಪ್ಯ ಒಕ್ಕೂಟದೊಂದಿಗಿನ ಮುಕ್ತ ಸಂಚಾರ 2021ರ ಆರಂಭಕ್ಕೆ ನಿಂತ ಮೇಲೆ ಹಾಗೆ ಹೊಸದಾಗಿ ಬರುವವರಿಗೆ ವೀಸಾ ಬೇಕಾಯಿತು. ಪರದೇಶದ ಯುವಕ ಯುವತಿಯರು ಒಂದು ವರ್ಷ ಶಾಲೆಗೆ ಬಂದು ಮಕ್ಕಳೊಂದಿಗೆ ತಮ್ಮ ಭಾಷೆಯಲ್ಲಿ ಮಾತಾಡುವ ಭಾಷಾ ಸಹಾಯಕರ ಯೋಜನೆ ಅಲ್ಲಿ 1905ರಿಂದ ಇದೆ. ಅಷ್ಟು ಒಳ್ಳೆಯ ಪದ್ಧತಿಯನ್ನೂ ಹಣದ ಕೊರತೆಯಿಂದ ಬಹಳಷ್ಟು ಸರ್ಕಾರಿ ಶಾಲೆಗಳು ಕೈಬಿಟ್ಟವು.

ಈಗ ಮನೆಭಾಷೆಗಳ ಸಂಗತಿಗೆ ಬರುತ್ತೇನೆ, ಇದು ಕನ್ನಡಿಗರಾದ ನಮಗೆ ಹತ್ತಿರದ್ದು. ಇಂಗ್ಲೆಂಡಿನ ತರಗತಿಗಳಲ್ಲಿ ಕೂತ ಎಷ್ಟೋ ಮಕ್ಕಳು ಆಗಲೇ ಎರಡು ಭಾಷೆ ಬಲ್ಲವರು. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಗ್ಲಿಷ್ ಬಿಟ್ಟರೆ ಅತಿ ಹೆಚ್ಚು ಜನರ ಮುಖ್ಯ ಭಾಷೆ ಪೋಲಿಶ್. ರೊಮೇನಿಯನ್, ಪಂಜಾಬಿ, ಉರ್ದು ಕೂಡ ಮುಂಚೂಣಿಯಲ್ಲಿವೆ. ಉರ್ದು, ಪಂಜಾಬಿ, ಬಂಗಾಳಿ, ಗುಜರಾತಿ ಭಾಷೆಗಳಲ್ಲಿ ಜಿ.ಸಿ.ಎಸ್.ಇ. ಬರೆಯಬಹುದು. 2015ರಲ್ಲಿ ಪರೀಕ್ಷಾ ಮಂಡಳಿಗಳು ಇಂಥ ಕಡಿಮೆ ಮಕ್ಕಳು ಬರೆಯುವ ಭಾಷೆಗಳ ಹಲವು ಪರೀಕ್ಷೆಗಳನ್ನು ನಿಲ್ಲಿಸಲು ಹೊರಟಾಗ ಸಮುದಾಯಗಳು ಪ್ರತಿಭಟಿಸಿದವು. ಮರುವರ್ಷ ಅವುಗಳಲ್ಲಿ ಬಹುಪಾಲು ಉಳಿದುಕೊಂಡವು. ಕನ್ನಡಕ್ಕೆ ಅಂಥ ಪರೀಕ್ಷೆ ಇಲ್ಲ. ಅಲ್ಲಿನ ಕನ್ನಡ ಬಳಗದಂಥ ಸಂಘಟನೆಗಳ, ವಾರಾಂತ್ಯದಲ್ಲಿ ಮಕ್ಕಳನ್ನು ಕೂರಿಸಿ ಅಕ್ಷರ ತಿದ್ದಿಸುವ ತಾಯಂದಿರ ದುಡಿಮೆಯಿಂದಲೇ ಅಲ್ಲಿನ ಮಕ್ಕಳ ಕನ್ನಡ ನಿಂತಿದೆ. ಶಾಲೆಯಲ್ಲಿ ಫ್ರೆಂಚ್‌ಗಾಗಿ ಹೆಣಗುವ ವ್ಯವಸ್ಥೆ, ಅದೇ ಮಗುವಿನ ಬಾಯಲ್ಲಿರುವ ಭಾಷೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮನೆಭಾಷೆಯನ್ನು ಗೌರವಿಸದ ಶಾಲೆ ಪರಭಾಷೆಯ ಮೇಲೆ ಪ್ರೀತಿ ಹುಟ್ಟಿಸಲಾರದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಈ ನಂಬಿಕೆಯೊಂದಿಗೇ ಕರ್ನಾಟಕಕ್ಕೆ ಬರೋಣ. ನಮ್ಮಲ್ಲಿ ವಿದೇಶಿ ಭಾಷೆ ಯಾರ ಪಾಲಾಗಿದೆ? ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಫ್ರೆಂಚ್, ಜರ್ಮನ್ ಇವೆ. ಅದೇ ನಗರದಲ್ಲಿ ಗೋಥೆ ಇನ್‌ಸ್ಟಿಟ್ಯೂಟ್‌ನ ಮ್ಯಾಕ್ಸ್ ಮುಲ್ಲರ್ ಭವನವೂ ಅಲಿಯಾನ್ಸ್ ಫ್ರಾನ್ಸೇಸ್ ಕೂಡ ಇವೆ. ಪಿ.ಯು.ಸಿ.ಯಲ್ಲಿ ಫ್ರೆಂಚ್ ತೆಗೆದುಕೊಳ್ಳುವವರಿದ್ದಾರೆ, ಬಹಳ ಸಲ ಅಂಕಕ್ಕಾಗಿ. ರಾಯಚೂರಿನ, ಚಾಮರಾಜನಗರದ ಸರ್ಕಾರಿ ಪ್ರೌಢಶಾಲೆಯ ಮಗುವಿಗೆ ಈ ಬಾಗಿಲು ಇದೆಯೆಂದೇ ಗೊತ್ತಿಲ್ಲ. ಬಿಡದಿಯಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆ ಇದೆ, ಜರ್ಮನಿಯ ಬಾಷ್ ದಶಕಗಳಿಂದ ಬೆಂಗಳೂರಿನಲ್ಲಿದೆ. ಅಲ್ಲಿ ಭಾಷೆ ಬಲ್ಲವರಿಗೆ ಸಿಗುವ ಕೆಲಸ, ಶುಲ್ಕ ಕೊಟ್ಟು ಭಾಷೆ ಕಲಿತವರಿಗೇ ಸಿಗುತ್ತದೆ. ಇಂಗ್ಲೆಂಡ್ ಇಪ್ಪತ್ತು ವರ್ಷಗಳಲ್ಲಿ ಎಲ್ಲಿಗೆ ಜಾರಿತೋ, ನಾವು ಇರುವುದೇ ಅಲ್ಲಿ.

ಕಲಿಕೆ ಕಡಿಯುವುದರ ನೋವು ನಮಗೂ ಗೊತ್ತು. 2011ರ ಒಪ್ಪಂದದಂತೆ ಕೇಂದ್ರೀಯ ವಿದ್ಯಾಲಯಗಳಲ್ಲಿ ಜರ್ಮನ್ ಮೂರನೇ ಭಾಷೆಯಾಗಿ ಬಂದಿತ್ತು. 2014ರಲ್ಲಿ ಶೈಕ್ಷಣಿಕ ವರ್ಷದ ನಡುವೆಯೇ ಅದನ್ನು ತೆಗೆದು ಸಂಸ್ಕೃತವನ್ನು ತಂದರು. ಸುಮಾರು 70 ಸಾವಿರ ಮಕ್ಕಳು ಅರ್ಧ ದಾರಿಯಲ್ಲಿ ನಿಂತರು. ಸಂಸ್ಕೃತ ಕಲಿಯಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ನವೆಂಬರ್ ತಿಂಗಳಲ್ಲಿ ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಳ್ಳಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢ ಹಂತದಲ್ಲಿ ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಶ್, ಪೋರ್ಚುಗೀಸ್, ರಷ್ಯನ್ ಭಾಷೆಗಳನ್ನು ಹೆಸರಿಸಿತು. ಅದರ ಬೆನ್ನಿಗೇ ಮೂರು ಭಾಷೆಗಳಲ್ಲಿ ಎರಡಾದರೂ ಭಾರತದವಾಗಿರಬೇಕು ಎಂಬ ನಿಯಮವೂ ಇದೆ. ಇಂಗ್ಲಿಷ್ ಅನ್ನು ಯಾರೂ ಬಿಡರು. ಹಾಗಾಗಿ ವಿದೇಶಿ ಭಾಷೆಗೆ ಕಾಗದದ ಮೇಲೆ ಜಾಗ, ವೇಳಾಪಟ್ಟಿಯಲ್ಲಿ ಇಲ್ಲ. ಸುಖದೇವ್ ಥೋರಟ್ ನೇತೃತ್ವದ ಕರ್ನಾಟಕ ರಾಜ್ಯ ಶಿಕ್ಷಣ ನೀತಿ ಆಯೋಗ 2025ರಲ್ಲಿ ಎರಡು ಭಾಷೆಗಳ ನೀತಿಯನ್ನು ಶಿಫಾರಸು ಮಾಡಿದೆ. ಅದು ಜಾರಿಯಾಗಿ ಮೂರನೇ ಭಾಷೆಯ ಹೊತ್ತು ಬಿಡುವಾದರೆ, ಅದರ ಒಂದು ಪಾಲನ್ನಾದರೂ ಆಸಕ್ತ ಮಕ್ಕಳ ವಿದೇಶಿ ಭಾಷೆಗೆ ಕೊಡುವ ಬಗ್ಗೆ ಈಗಲೇ ಯೋಚಿಸಬೇಕು.

ನಮ್ಮ ಮಕ್ಕಳಿಗೆ ಆ ಸಾಮರ್ಥ್ಯವಿದೆಯೇ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ತುಳು, ಬೀದಿಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆದ ಮಂಗಳೂರಿನ ಹುಡುಗಿಗೆ ಭಾಷೆಯಿಂದ ಭಾಷೆಗೆ ದಾಟುವುದು ದಿನದ ರೂಢಿ. ‘ನೀನು’, ‘ನೀವು’ಗಳ ನಡುವಿನ ಸೂಕ್ಷ್ಮವನ್ನು ಇಂಗ್ಲೆಂಡಿನ ಮಗು ಫ್ರೆಂಚ್ ತರಗತಿಯಲ್ಲಿ ಹೊಸದಾಗಿ ಕಲಿಯಬೇಕು, ನಮ್ಮ ಮಗುವಿಗೆ ಅದು ಮನೆಯಲ್ಲೇ ಬಂದಿರುತ್ತದೆ. ಜಪಾನಿಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿಯ ಅರ್ಥ ಕೊಡುವ ತುಣುಕುಗಳು ನಾಮಪದದ ನಂತರ ಅಂಟುತ್ತವೆ. ಕನ್ನಡದ ವಾಕ್ಯ ಕಟ್ಟಿದವರಿಗೆ ಆ ಅಚ್ಚು ಹೊಸದೆನಿಸುವುದಿಲ್ಲ. ಆದರೆ ಈ ಅನುಕೂಲ ಒದಗಬೇಕಾದರೆ ಕನ್ನಡದ ತಳಪಾಯ ಗಟ್ಟಿಯಿರಬೇಕು, ಕನ್ನಡ ವ್ಯಾಕರಣವನ್ನು ಅರ್ಥವಾಗುವ ಹಾಗೆ ಕಲಿಸಿರಬೇಕು. ವಿದೇಶಿ ಭಾಷೆ ಕನ್ನಡಕ್ಕೆ ಪ್ರತಿಸ್ಪರ್ಧಿ ಅಲ್ಲವೇ ಅಲ್ಲ. ಕಾಫ್ಕಾ, ಕಮೂ, ಮಾರ್ಕ್ವೆಜ್ ಕನ್ನಡಕ್ಕೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಬಂದಿದ್ದಾರೆ. ಜರ್ಮನ್‌ನಿಂದ, ಸ್ಪ್ಯಾನಿಶ್‌ನಿಂದ ನೇರವಾಗಿ ಕನ್ನಡಕ್ಕೆ ತರಬಲ್ಲವರು ಬೇಕೆಂದರೆ ಅವರು ಹದಿಮೂರು ಹದಿನಾಲ್ಕನೇ ವಯಸ್ಸಿಗೇ ಆ ಭಾಷೆಯನ್ನು ಮುಟ್ಟಿರಬೇಕು.

ಎಲ್ಲ ಶಾಲೆಗಳಲ್ಲೂ ನಾಳೆಯೇ ಫ್ರೆಂಚ್ ಶುರು ಮಾಡಿ ಎಂದು ನಾನು ಹೇಳುವುದಿಲ್ಲ. ಗಣಿತಕ್ಕೇ ಶಿಕ್ಷಕರಿಲ್ಲದ ಶಾಲೆಯಲ್ಲಿ ಅದು ಅನ್ಯಾಯವಾದೀತು. ಇಲಾಖೆಯ ಮುಂದೆ ನನ್ನ ಕೋರಿಕೆ ಇಷ್ಟು: ಪ್ರತಿ ಜಿಲ್ಲೆಯಲ್ಲೂ ಎರಡು ಸರ್ಕಾರಿ ಪ್ರೌಢಶಾಲೆಗಳನ್ನು ಆರಿಸಿ, ಅವುಗಳಲ್ಲಿ ಒಂದು ಬೆಂಗಳೂರಿನಂಥ ನಗರದಲ್ಲಿ ಅಥವಾ ಜಿಲ್ಲಾ ಕೇಂದ್ರದಲ್ಲಿ ಇರದಿರಲಿ. ಒಂದೇ ಒಂದು ವಿದೇಶಿ ಭಾಷೆ, ಎಂಟರಿಂದ ಹತ್ತನೇ ತರಗತಿಯವರೆಗೆ ವಾರಕ್ಕೆ ನಾಲ್ಕು ಪೀರಿಯಡ್, ಅದೇ ಭಾಷೆ ಪಕ್ಕದ ಪಿ.ಯು. ಕಾಲೇಜಿನಲ್ಲೂ ಮುಂದುವರಿಯಲಿ. ವರ್ಷವರ್ಷ ಬದಲಾಗುವ ಅತಿಥಿ ಶಿಕ್ಷಕರನ್ನು ನೆಚ್ಚದೆ ಖಾಯಂ ಹುದ್ದೆ ಸೃಷ್ಟಿಸಿ. ಶುರು ಮಾಡಿದ ಶಾಲೆಯಲ್ಲಿ ಹತ್ತು ವರ್ಷ ಅದನ್ನು ನಿಲ್ಲಿಸುವುದಿಲ್ಲ ಎಂದು ಬರಹದಲ್ಲಿ ಕೊಡಿ. ಇದಕ್ಕೆ ಬೇಕಾಗುವ ಶಿಕ್ಷಕರು ಒಂದು ಜಿಲ್ಲೆಗೆ ಬೆರಳೆಣಿಕೆಯಷ್ಟು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಒಂದಿಬ್ಬರಾದರೂ ಬಿ.ಎಡ್. ಮುಗಿಸುವುದರೊಳಗೆ ಒಂದು ವಿದೇಶಿ ಭಾಷೆಯ ಮೊದಲ ಹಂತಕ್ಕೆ ಹೆಸರು ನೋಂದಾಯಿಸಿ. ಹುದ್ದೆಗಳು ಬರುವ ಮೊದಲೇ ಶಿಕ್ಷಕರು ಸಿದ್ಧರಿದ್ದರೆ, ‘ಕಲಿಸುವವರೇ ಇಲ್ಲ’ ಎಂಬ ಕಾರಣ ಹೇಳಿ ನಮ್ಮ ಹಳ್ಳಿ ಮಕ್ಕಳನ್ನು ಹೊರಗಿಡಲು ಯಾರಿಗೂ ಆಗದು.